ಅಪ್‌ಡೇಟ್: ಕಾರ್ಪೆಟ್ ತೊಳೆಯುವ ಕೆಲಸಕ್ಕೆ ಕೊನೆಗೆ ಯಾವ ದ್ರಾವಣ ಕೊಂಡೆ

ವಿಜಯಪುರದಲ್ಲಿ ಕಾರ್ಪೆಟ್ ತೊಳೆದುಕೊಡುವ ಕೆಲಸ ಆರಂಭಿಸುತ್ತಿದ್ದೇನೆ, ಎಲ್ಲದಕ್ಕೂ ಒಂದೇ ದ್ರಾವಣ ಸಾಕೇ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಸಾಲದು ಎಂದು ತಿಳಿಹೇಳಿದ ಎಲ್ಲರಿಗೂ ಕೈಮುಗಿಯುತ್ತೇನೆ. ಅಂಗಡಿಯವರು 'ಎಲ್ಲಕ್ಕೂ ನಡೆಯುತ್ತದೆ' ಎಂದು ಕೊಟ್ಟ ಡಬ್ಬಿಯ ದ್ರಾವಣಕ್ಕೆ ಪಿಎಚ್ ಪಟ್ಟಿ (ಆಮ್ಲ-ಕ್ಷಾರ ಅಳೆಯುವ ಕಾಗದ; 7 ಎಂದರೆ ತಟಸ್ಥ, ಮೇಲಿದ್ದರೆ ಕ್ಷಾರ) ಅದ್ದಿ ನೋಡಿದೆ, ಪಿಎಚ್ 12, ಕಡು ಕ್ಷಾರ! ಉಣ್ಣೆಗೆ ಹಾಕಿದ್ದರೆ ಕಥೆ ಮುಗಿಯುತ್ತಿತ್ತು.

ಈಗ ಮೊದಲು ಅಂಚಿನ ಒಂದೆಳೆ ಕಿತ್ತು ಸುಡುತ್ತೇನೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಅಥವಾ ಪಾಲಿಪ್ರೊಪಿಲೀನ್. ಉಣ್ಣೆಗೆ ಪಿಎಚ್ 5ರಿಂದ 8ರೊಳಗಿನ ದ್ರಾವಣ, ಸಿಂಥೆಟಿಕ್‌ಗೆ 9–10ರದ್ದು. ಕ್ಲೋರಿನ್ ಬ್ಲೀಚ್ ಉಣ್ಣೆಯ ಎಳೆಯನ್ನೇ ಕರಗಿಸುತ್ತದೆ, ಅದನ್ನು ಕೊಳ್ಳಲೇ ಇಲ್ಲ.

ಯಾರೂ ಹೇಳದಿದ್ದ ಒಂದು ಸಂಗತಿಯನ್ನು ಅರಿಶಿನ ಕಲಿಸಿತು. ಮದುವೆ ಮನೆಯ ನೈಲಾನ್ ಕಾರ್ಪೆಟ್ ಮೇಲೆ ಕ್ಷಾರೀಯ ದ್ರಾವಣ ಸಿಂಪಡಿಸಿದ ಕೂಡಲೇ ಹಳದಿ ಕಲೆ ಇಟ್ಟಿಗೆಗೆಂಪಾಯಿತು. ಎದೆ ಧಸಕ್ಕೆಂದಿತು. ಸಿಟ್ರಿಕ್ ಆಮ್ಲದ ತೆಳು ನೀರಿನಲ್ಲಿ ಜಾಲಿಸಿದಾಗ ಮತ್ತೆ ಹಳದಿಗೆ ತಿರುಗಿತು. ಉಳಿದದ್ದನ್ನು ನಮ್ಮೂರಿನ ಬಿಸಿಲು ಎರಡು ದಿನದಲ್ಲಿ ಮಸುಕಾಗಿಸಿತು. ಕೊನೆಯ ಜಾಲಿಸುವಿಕೆಗೆ ಈಗ ಆ ಸಿಟ್ರಿಕ್ ನೀರನ್ನೇ ಬಳಸುತ್ತೇನೆ. ಸೋಪಿನ ಅಂಟು ಉಳಿಯುವುದಿಲ್ಲ, ಧೂಳೂ ಬೇಗ ಹಿಡಿಯುವುದಿಲ್ಲ.

ನವಲಗುಂದದ ಹಳೆಯ ಜಮಖಾನವೊಂದು ಬಂದಿತ್ತು. ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆ ಒತ್ತಿದೆ, ಬಟ್ಟೆಗೆ ಕೆಂಪು ಇಳಿಯಿತು. "ಅಕ್ಕಾ, ಇದಕ್ಕೆ ನೀರು ಮುಟ್ಟಿಸುವುದಿಲ್ಲ" ಎಂದು ಧೂಳು ಮಾತ್ರ ತೆಗೆದು ಮರಳಿಸಿದೆ. ಆ ಅಕ್ಕ ಮರುವಾರವೇ ಮನೆಯ ಎರಡು ಕಾರ್ಪೆಟ್‌ಗಳನ್ನು ಕಳುಹಿಸಿದರು.