ನದಿ ದಂಡೆ ಬಡಾವಣೆ, ಕಂಪ್ಲಿ: ತುಂಗಭದ್ರಾ ಡ್ಯಾಂ ನೀರು ಬಿಡುವ ಮುಂಚೆ ನಮಗೆ ಹೇಳುವವರು ಯಾರು?

ಮನೆ 7: ಎಲ್ಲರಿಗೂ ನಮಸ್ಕಾರ. ಮಳೆಗಾಲ ಹತ್ತಿರ ಬಂತು. ಹೋದ ಸಲ ನೀರು ಬಿಟ್ಟ ಸುದ್ದಿ ನನಗೆ ಸಿಕ್ಕಿದ್ದು ಹಾಲಿನವನಿಂದ. ಅಷ್ಟರಲ್ಲಿ ನನ್ನ ಮೋಟರ್ ಮುಳುಗಿತ್ತು. ಈ ಸಲ ಎಲ್ಲರೂ ಸೇರಿ ಅರ್ಜಿ ಕೊಡೋಣ. ಏನು ಬರೆಯಬೇಕು, ಹೇಳಿ.

ಮನೆ 22: ಡ್ಯಾಂ ಅರ್ಧ ಖಾಲಿ ಇಡಿ ಅಂತ ಬರೆಯಿರಿ. ಪ್ರವಾಹ ತಡೆಯೋಕೆ ತಾನೇ ಅದು ಇರೋದು?

ಮನೆ 15: ಖಾಲಿ ಇಟ್ಟರೆ ನಮ್ಮ ಭತ್ತಕ್ಕೆ ನೀರು ನೀವು ಹೊತ್ತು ತರುತ್ತೀರಾ ಅಣ್ಣಾ? 2025ರಲ್ಲಿ ನೀರು ತುಂಬುವುದನ್ನು 80 ಟಿಎಂಸಿಗೇ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನಿಲ್ಲಿಸಿದರು. ಗೇಟು ಬದಲಿಸಬೇಕು ಅಂತ ಎರಡನೇ ಬೆಳೆಯೂ ಹೋಯಿತು.

ಮನೆ 3: ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ತುಂಗಭದ್ರಾ ಡ್ಯಾಂ ಕಟ್ಟಿದ್ದು ಮುಖ್ಯವಾಗಿ ನೀರಾವರಿಗೆ, ಜೊತೆಗೆ ಕರೆಂಟಿಗೆ. ತುಂಬಿದ ಮೇಲೆ ಮೇಲಿಂದ ಬಂದಷ್ಟೂ ಕೆಳಗೆ ಬಿಡಲೇಬೇಕು. ಅದರಲ್ಲೂ ಹೂಳು! 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105.788. ಅಷ್ಟು ಬೇಗ ತುಂಬುತ್ತದೆ, ಅಷ್ಟು ಬೇಗ ಬಿಡುತ್ತಾರೆ.

ಮನೆ 11: ಮಾಸ್ತರೇ, ಲೆಕ್ಕ ಸರಿ. ಆದರೆ 2024ರ ಆಗಸ್ಟ್ 10ರ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು ಅಂತ ಒಬ್ಬರು ಹೇಳಿದರೆ, ಡ್ಯಾಮೇ ಒಡೆಯಿತು ಅಂತ ಇನ್ನೊಬ್ಬರು. ಅತ್ತೆ ಅಕ್ಕಿ ಮೂಟೆ ಅಟ್ಟಕ್ಕೆ ಏರಿಸಿ ಅಂತ ಒಂದೇ ಹಟ. ನಾನು ಮೆಟ್ಟಿಲ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಗಂಟೆಗೊಮ್ಮೆ ಟಾರ್ಚ್ ಹಾಕಿ ನೋಡುತ್ತಿದ್ದೆ. ನಮಗೆ ಆಗ ಬೇಕಾಗಿದ್ದದ್ದು ಒಂದೇ ಮಾತು: ಎಷ್ಟು ನೀರು, ಎಷ್ಟು ಗಂಟೆಗೆ ಕಂಪ್ಲಿಗೆ ಬರುತ್ತದೆ?

ಮನೆ 22: ನಿಜ ಅಕ್ಕಾ. ಆದರೆ ಮಾಸ್ತರೇ, ಸುರ್ಕಿ ಗಾರೆಯ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಕಲಸಿದ ಗಾರೆಯ, ಹಳೇ ಕಟ್ಟಡ ಅಂತಾರಲ್ಲ, ಗೋಡೆ ಗಟ್ಟಿ ಇದೆಯಾ?

ಮನೆ 3: ಸುರ್ಕಿ ಅಂದ ತಕ್ಷಣ ಹೆದರಬೇಕಿಲ್ಲ. ಅವತ್ತು ಕೈಕೊಟ್ಟಿದ್ದು ಗೋಡೆ ಅಲ್ಲ, ಚೈನು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು. ಅಂಥವು 33 ಇವೆ. ಹರಿಯುವ ನೀರಿನಲ್ಲೇ ಐದು ತುಂಡು ಸ್ಟಾಪ್‌ಲಾಗ್ (ನೀರು ತಡೆಯುವ ಉಕ್ಕಿನ ಅಡ್ಡ ಹಲಗೆ) ಇಳಿಸಿ ಆ ಬಾಯಿ ಮುಚ್ಚಿದರು, ಅದು ಸಣ್ಣ ಕೆಲಸ ಅಲ್ಲ. ಆದರೂ ಬಾಯಿಮಾತು ಬೇಡ. 2021ರ ಡ್ಯಾಂ ಸುರಕ್ಷತಾ ಕಾಯ್ದೆ ಪ್ರಕಾರ ಮಳೆಗಾಲಕ್ಕೆ ಮುಂಚೆ, ಆಮೇಲೆ ತಪಾಸಣೆ ಆಗಬೇಕು. ತುರ್ತು ಯೋಜನೆಯೂ ಇರಬೇಕು. ಈ ಸಲದ ವರದಿ, ಆ ಯೋಜನೆಯಲ್ಲಿ ನಮ್ಮ ಬಡಾವಣೆಗೆ ಸುದ್ದಿ ಮುಟ್ಟಿಸುವವರು ಯಾರು, ಇವೆರಡನ್ನೇ ಕೇಳೋಣ.

ಮನೆ 15: ಹಾಗಾದರೆ ನನ್ನ ಸಹಿ ಇದೆ. ಖಾಲಿ ಇಡಿ ಅಂತ ಮಾತ್ರ ಬರೆಯಬೇಡಿ.

ಮನೆ 22: ಆಯ್ತು ಅಣ್ಣಾ, ಬಿಟ್ಟೆ. ಸೈರನ್ ಕೂಡ ಕೇಳಿ. ರಾತ್ರಿ ಮೊಬೈಲ್ ಯಾರು ನೋಡುತ್ತಾರೆ?

ಮನೆ 11: ಸೈರನ್ ಜೊತೆ ಮೈಕಿನಲ್ಲೂ ಕೂಗಲಿ. ನಮ್ಮ ಅತ್ತೆಗೆ ಸೈರನ್ ಅಂದರೆ ಅಕ್ಕಿ ಗಿರಣಿ ಶಿಫ್ಟು ಅಷ್ಟೇ.

ಮನೆ 7: ಭಾನುವಾರ ಬೆಳಿಗ್ಗೆ 9ಕ್ಕೆ ಗುಡಿ ಕಟ್ಟೆ ಹತ್ತಿರ ಬನ್ನಿ, ಅರ್ಜಿ ಬರೆದು ತರುತ್ತೇನೆ. ಆಧಾರ್ ಜೆರಾಕ್ಸ್ ಏನೂ ಬೇಡ, ಸಹಿ ಸಾಕು. ಮತ್ತೆ, ಇವತ್ತು ಸಂಜೆ ನನ್ನ ಮೋಟರ್ ದಡಕ್ಕೆ ಎತ್ತೋಕೆ ಇಬ್ಬರು ಬೇಕು. ಹಗ್ಗ ಇದೆ.

ಮನೆ 15: ಐದಕ್ಕೆ ಬರುತ್ತೇನೆ. ಚಹಾ ಇರಲಿ.