ಕಾಲೇಜಿನ ಮಹಿಳಾ ಘಟಕಕ್ಕೆ ಸೇರಿ ಏನು ಮಾಡಬಹುದು?

ಮಂಡ್ಯದ ಬಿಎ ವಿದ್ಯಾರ್ಥಿನಿ:
ನಮ್ಮ ಕಾಲೇಜಿನಲ್ಲಿ ಮಹಿಳಾ ಘಟಕ ಅಂತ ಒಂದು ರೂಮಿದೆ. ಮಾರ್ಚ್ 8ಕ್ಕೆ ರಂಗೋಲಿ ಸ್ಪರ್ಧೆ, ಒಂದು ಭಾಷಣ, ಆಮೇಲೆ ವರ್ಷವಿಡೀ ಬೀಗ. ಸೇರಬೇಕು ಅಂತ ಆಸೆಯಿದೆ, ಆದರೆ ಸಂಜೆ ಬಸ್ಸು ತಪ್ಪಿದರೆ ಊರಿಗೆ ಹೋಗುವುದೇ ಕಷ್ಟ. ಏನಾದರೂ ದಾರಿ ಇದೆಯಾ?

ಮೈಸೂರಕ್ಕ:
ಸಂಜೆ ಯಾಕಮ್ಮ, ಮಧ್ಯಾಹ್ನ ಊಟದ ಬಿಡುವು ಸಾಕು. ಘಟಕದ ಮೇಡಂ ಹತ್ತಿರ ಬೀಗದ ಕೈ ಕೇಳಿ, ಇಬ್ಬರು ಸರದಿಯಲ್ಲಿ ಕೂತುಕೊಳ್ಳಿ. ಬೀರುವಿನಲ್ಲಿ ಪ್ಯಾಡ್ ಮುಗಿದಿದೆಯಾ ನೋಡುವುದು, ಹಳ್ಳಿಯಿಂದ ಬಂದ ಹೊಸ ಹುಡುಗಿಯರಿಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಸುವುದು, ಯಾವ ಶೌಚಾಲಯದ ಚಿಲಕ ಮುರಿದಿದೆ, ಹಾಸ್ಟೆಲ್ ದಾರಿಯಲ್ಲಿ ಎಲ್ಲಿ ದೀಪವಿಲ್ಲ ಅಂತ ಬರೆದು ಪ್ರಿನ್ಸಿಪಾಲರಿಗೆ ಕೊಡುವುದು, ಇವೆಲ್ಲ ನಿಜವಾದ ಕೆಲಸ. ರಂಗೋಲಿನೂ ಇರಲಿ ಬಿಡಿ.

ಕಾನೂನು ವಿದ್ಯಾರ್ಥಿ:
ಒಂದು ಸೇರಿಸುತ್ತೇನೆ. ಘಟಕ ಬೇರೆ, ಆಂತರಿಕ ದೂರು ಸಮಿತಿ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮದ ಪ್ರಕಾರ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಲೈಂಗಿಕ ಕಿರುಕುಳದ ದೂರು ಬಂದಾಗ ಆ ಸಮಿತಿಯಲ್ಲಿ 3 ವಿದ್ಯಾರ್ಥಿಗಳು ಇರಬೇಕು, ಅವರೂ ಚುನಾಯಿತರು. ನಿಮ್ಮಲ್ಲಿ ಚುನಾವಣೆ ಆಗಿದೆಯಾ ಕೇಳಿ. ಸದಸ್ಯರ ಹೆಸರು, 181 ಮಹಿಳಾ ಸಹಾಯವಾಣಿ ನಂಬರ್ ನೋಟಿಸ್ ಬೋರ್ಡಿನಲ್ಲಿ ಕಾಣುವ ಹಾಗೆ ಹಾಕಿಸಿ.

ಮೂರನೇ ವರ್ಷದ ಹುಡುಗ:
ಹುಡುಗರು ಬರಬಹುದಾ? ಸುಮ್ನೆ ಕುರ್ಚಿ ಎತ್ತಿಡಲು ಕರೆಯುತ್ತಾರೆ ಅಷ್ಟೇ.

ಮೈಸೂರಕ್ಕ:
ಬನ್ನಿ. ಕುರ್ಚಿನೂ ಎತ್ತಿ, ಕ್ಲಾಸ್ ಹುಡುಗರ ಗ್ರೂಪಿನಲ್ಲಿ ಹುಡುಗಿಯರ ಫೋಟೊ ಹಾಕಿ ನಗುವ ಗೆಳೆಯನನ್ನೂ ತಡೆಯಿರಿ. ಅಲ್ಲಿಗೆ ನಾವು ಬರಲು ಆಗುವುದಿಲ್ಲ ಅಲ್ವಾ? ಆದರೆ ಯಾರಾದರೂ ಅಳುತ್ತಾ ಬಂದು ಹೇಳಿಕೊಂಡಿದ್ದು ಮಾತ್ರ ರೂಮಿನ ಆಚೆ ಹೋಗಬಾರದು, ಇದು ಎಲ್ಲರಿಗೂ.