ಎಟಿಆರ್‌ಗೆ ಹೊಸದಾಗಿ ಸೇರಿದವರ ಪ್ರಶ್ನೆಗಳು, ಕ್ಯಾಪ್ಟನ್ ಉತ್ತರಗಳು

ಕ್ಯಾಪ್ಟನ್: ಇವತ್ತು ನನಗೆ ರಜೆ. ಎಟಿಆರ್ 72-600 ಅನ್ನುವ ಪ್ರೊಪೆಲರ್ ವಿಮಾನ ಹಾರಿಸುತ್ತೇನೆ, ಹೊಸಬರಿಗೆ ಲೈನ್ ಟ್ರೈನಿಂಗ್, ಅಂದರೆ ಪ್ರಯಾಣಿಕರಿರುವ ವಿಮಾನದಲ್ಲೇ ತರಬೇತಿ, ಕೊಡುತ್ತೇನೆ. ಹುಬ್ಬಳ್ಳಿ, ಮೈಸೂರು, ಶಿವಮೊಗ್ಗದಂಥ ರೂಟ್‌ಗೆ ಸೇರುವವರು, ಆಗಲೇ ಸೇರಿದವರು ಕೇಳಿ. ಸಂಬಳ ಎಷ್ಟು, ಯಾವ ಕಂಪನಿ ಒಳ್ಳೆಯದು, ಇವೆರಡು ಮಾತ್ರ ಬೇಡ.

ದಾವಣಗೆರೆ ಹುಡುಗ: ನಮಸ್ಕಾರ ಮೇಡಂ. ಕನ್ನಡಕ ಇದ್ದರೆ ಪೈಲಟ್ ಆಗಬಹುದಾ?

ಕ್ಯಾಪ್ಟನ್: ಆಗಬಹುದು. ಕನ್ನಡಕ ಹಾಕಿಕೊಂಡಾಗ ಸರಿಯಾಗಿ ಕಂಡರೆ ಸಾಕು. ಹಾರುವಾಗ ಇನ್ನೊಂದು ಕನ್ನಡಕ ಬ್ಯಾಗ್‌ನಲ್ಲಿ ಇರಲೇಬೇಕು. ಬಣ್ಣ ಗುರುತಿಸುವ ಪರೀಕ್ಷೆ ಬೇರೆ ಇರುತ್ತದೆ, ಅದನ್ನು ಮೊದಲೇ ಮಾಡಿಸಿ. ಸಾಲ ತೆಗೆದ ಮೇಲಲ್ಲ.

ಹಾಸನದ ತಂದೆ: ಮಗ 200 ಗಂಟೆ ಹಾರಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ತಗೊಂಡಿದ್ದಾನೆ. ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಎಟಿಆರ್ ಟೈಪ್ ರೇಟಿಂಗ್ ಮಾಡಿಸಿಬಿಡಿ, ಕೆಲಸ ಗ್ಯಾರಂಟಿ ಅಂತಾನೆ. ತೋಟದ ಮೇಲೆ ಸಾಲ ಮಾಡಬೇಕು.

ಕ್ಯಾಪ್ಟನ್: ಮಾಡಬೇಡಿ ಸರ್. ಟೈಪ್ ರೇಟಿಂಗ್ ಅನ್ನುವುದು ಒಂದು ಮಾದರಿಯ ವಿಮಾನಕ್ಕೆ ಮಾತ್ರ. ಎಟಿಆರ್ ರೇಟಿಂಗ್ ಇಟ್ಟುಕೊಂಡು ಏರ್‌ಬಸ್‌ನಲ್ಲಿ ಕೂರಲು ಆಗುವುದಿಲ್ಲ. ಕಂಪನಿಯ ಪತ್ರ ಕೈಗೆ ಬರದೆ ಏಜೆಂಟ್ ಮಾತು ನಂಬಿ ದುಡ್ಡು ಕಟ್ಟಬೇಡಿ. ಗ್ಯಾರಂಟಿ ಕೊಡಲು ಅವನೇನು ಏರ್‌ಲೈನ್ ನಡೆಸುತ್ತಾನಾ?

ಕಲಬುರಗಿ ತಾಯಿ: ಮಗಳು ಮುಂದಿನ ತಿಂಗಳು ಸೇರುತ್ತಾಳೆ. ರಾತ್ರಿ ಬೇರೆ ಊರಲ್ಲಿ ಉಳಿಯಬೇಕಾದರೆ ಎಲ್ಲಿ ಇಳಿಸುತ್ತಾರೆ ಮೇಡಂ?

ತುಮಕೂರಿನವ: ಮೇಡಂ, ಪಿಯುಸಿ ಕಾಮರ್ಸ್. ಆಗುತ್ತಾ?

ಕ್ಯಾಪ್ಟನ್: ಫಿಸಿಕ್ಸ್, ಮ್ಯಾಥ್ಸ್ ಬೇಕು. ಎನ್‌ಐಒಎಸ್ ಅನ್ನುವ ಓಪನ್ ಸ್ಕೂಲ್‌ನಲ್ಲಿ ಎರಡನ್ನೂ ಬರೆಯಬಹುದು.

ಹೊಸ ಎಫ್‌ಒ (ಫಸ್ಟ್ ಆಫೀಸರ್, ಅಂದರೆ ಸಹ-ಪೈಲಟ್): ಮೇಡಂ, ಹೆಸರು ಬೇಡ. ನನ್ನದು ಸೂಪರ್‌ವೈಸ್ಡ್ ಲೈನ್ ಫ್ಲೈಯಿಂಗ್, ಅಂದರೆ ಟ್ರೈನಿಂಗ್ ಕ್ಯಾಪ್ಟನ್ ಪಕ್ಕ ಕೂತು ಹಾರುವುದು, ನಡೀತಿದೆ. ನಾಲ್ಕು ದಿನದಿಂದ ನೆಗಡಿ, ಎಡಗಿವಿ ಗುಂಯ್ ಅಂತಿದೆ. ನಾಳೆ ನಾಲ್ಕು ಸೆಕ್ಟರ್ (ನಾಲ್ಕು ಹಾರಾಟ), ಕೊನೆಯದು ಬೆಂಗಳೂರಿಂದ ಮಂಗಳೂರು. ಸಿಕ್ ಹಾಕಿದರೆ ಟ್ರೈನಿಂಗ್ ಹಿಂದೆ ಬೀಳುತ್ತೆ, ಬ್ಯಾಚ್‌ನವರೆಲ್ಲ ಟ್ರೈನಿಂಗ್ ಮುಗಿಸಿ ರಿಲೀಸ್ ಆಗ್ತಿದ್ದಾರೆ. ಅಮ್ಮ ಊರಿಂದ ಅರಿಷ್ಟ ಕಳಿಸಿದ್ದಾರೆ. ನೆಗಡಿ ಮಾತ್ರೆಯೂ ತಂದಿದ್ದೇನೆ. ಇವತ್ತು ರಾತ್ರಿ ತಗೊಂಡು ನಾಳೆ ಹೋಗಬಹುದಾ?

ಕ್ಯಾಪ್ಟನ್: ಬೇಡ. ಯಾಕೆ ಅಂತ ಪೂರ್ತಿ ಓದು ತಮ್ಮಾ.

ಮೊದಲು ಕಿವಿ. ಮೇಲೇರುವಾಗ ನಿನಗೆ ಏನೂ ಅನ್ನಿಸದೇ ಇರಬಹುದು. ಕಿವಿಯೊಳಗಿನ ಗಾಳಿ ಹಿಗ್ಗಿ, ಒಂದು ಸಣ್ಣ ನಳಿಕೆಯಲ್ಲಿ ತಾನಾಗೇ ಗಂಟಲ ಕಡೆ ಹೊರಟುಹೋಗುತ್ತದೆ. ಇಳಿಯುವಾಗ ಗಾಳಿ ವಾಪಸ್ ಒಳಗೆ ಹೋಗಬೇಕು. ನೆಗಡಿಯಿಂದ ಆ ನಳಿಕೆ ಊದಿಕೊಂಡಿದ್ದರೆ ಹೋಗುವುದಿಲ್ಲ. ಹೊರಗಿನ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತಲೇ ಇರುತ್ತದೆ. ನೆಲ ಹತ್ತಿರವಾದಷ್ಟೂ ಒತ್ತಡ ಬೇಗ ಏರುತ್ತದೆ. ಬೆಂಗಳೂರು ಏರ್‌ಪೋರ್ಟ್ ಸುಮಾರು 3000 ಅಡಿ ಎತ್ತರದಲ್ಲಿದೆ, ಮಂಗಳೂರು 340 ಅಡಿಯೂ ಇಲ್ಲ. ಅಂದರೆ ಕಿವಿಗೆ ಅತಿ ಕಷ್ಟದ ಇಳಿತವನ್ನು ನೀನು ದಿನದ ಕೊನೆಗೆ, ಸುಸ್ತಾದ ಮೇಲೆ ಇಟ್ಟುಕೊಂಡಿದ್ದೀಯ. ಅದೂ ಗುಡ್ಡದ ತುದಿಯ ರನ್‌ವೇಗೆ.

ನನ್ನ ಪಕ್ಕ ಒಬ್ಬ ಹುಡುಗ ಹೀಗೇ ಬಂದು ಕೂತಿದ್ದ. 'ಸ್ವಲ್ಪ ಶೀತ ಅಷ್ಟೇ' ಅಂದಿದ್ದ. ರನ್‌ವೇ ಕಡೆ ಇಳಿಯುವಾಗ, ಅಪ್ರೋಚ್‌ನಲ್ಲಿ, ರೆಕ್ಕೆಯ ಫ್ಲಾಪ್ ಇಳಿಸಲು ನಾನು 'ಫ್ಲಾಪ್ಸ್ 15' ಅಂದೆ. ಅವನ ಕೈ ಲಿವರ್‌ಗೆ ಹೋಗಲಿಲ್ಲ, ಹೆಡ್‌ಸೆಟ್‌ಗೆ ಹೋಯಿತು. ಕಣ್ಣಲ್ಲಿ ನೀರು. ಸ್ಪೀಡ್ ನೋಡಿ ಹೇಳಬೇಕಾದವನು ಬಾಯಿ ತೆರೆದು ಮುಚ್ಚುತ್ತಿದ್ದ. ಇಳಿಸದೆ ಮತ್ತೆ ಮೇಲೇರಿಸಿ ಗೋ ಅರೌಂಡ್ ಮಾಡಿದೆ. ಕಾಕ್‌ಪಿಟ್‌ನಲ್ಲಿ ಇಬ್ಬರು ಇರುವುದು ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯಲಿ ಅಂತ. ಆ ಹತ್ತು ನಿಮಿಷ ನಾನು ಒಬ್ಬಳೇ ಇದ್ದೆ. ಅವನ ತಮಟೆಯ ಹಿಂದೆ ರಕ್ತ ಕಟ್ಟಿತ್ತು, ವಾರಗಟ್ಟಲೆ ಮನೆಯಲ್ಲಿ ಕೂತ. ನೀನು ಉಳಿಸಲು ನೋಡುತ್ತಿರುವುದು ಮೂರೋ ನಾಲ್ಕೋ ದಿನ.

ಇನ್ನು ಅರಿಷ್ಟ. ಅದು ಹುದುಗಿಸಿ ಮಾಡುವ ಔಷಧಿ, ಆಲ್ಕೋಹಾಲ್ ಅದರಲ್ಲೇ ಹುಟ್ಟುತ್ತದೆ. ಬಾಟಲಿ ತಿರುಗಿಸಿ ಓದು, ಬರೆದಿರುತ್ತದೆ. ಡ್ಯೂಟಿಗೆ ಮುಂಚೆ ಆಲ್ಕೋಹಾಲ್ ಪತ್ತೆಯ ಮಷಿನ್ ಊದಿಸುತ್ತಾರೆ, ಅಲ್ಲಿ ಸೊನ್ನೆಯೇ ಬರಬೇಕು. ಎರಡನೇ ಸಲ ಊದಿದಾಗಲೂ ಬಂದರೆ ಮೊದಲ ತಪ್ಪಿಗೇ ಲೈಸೆನ್ಸ್ 3 ತಿಂಗಳು ಅಮಾನತು, ಮತ್ತೆ ಸಿಕ್ಕಿಬಿದ್ದರೆ 3 ವರ್ಷ. 'ಅಮ್ಮ ಕೊಟ್ಟ ಔಷಧಿ' ಅಂತ ಬರೆದುಕೊಡಲು ಕಾಲಂ ಇಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಕೂಡ ಬಳಸಬಾರದು ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎ 2023ರಲ್ಲೇ ಹೇಳಿದೆ. ಮೆಡಿಕಲ್ ಶಾಪ್‌ನ ನೆಗಡಿ ಮಾತ್ರೆಗಳಲ್ಲಿ ಎಷ್ಟೋ ನಿದ್ದೆ ಬರಿಸುತ್ತವೆ. ನಿದ್ದೆ ಬಂದಿಲ್ಲ ಅನ್ನಿಸಿದರೂ ಕೈ ಮಂದವಾಗಿರುತ್ತದೆ.

ಕ್ರೂ ಶೆಡ್ಯೂಲಿಂಗ್‌ಗೆ ಈಗಲೇ ಫೋನ್ ಮಾಡು. ಬೆಳಗಿನ ಜಾವ ಮಾಡಿದರೆ ಸ್ಟ್ಯಾಂಡ್‌ಬೈನವರನ್ನು ಓಡಿಸಬೇಕಾಗುತ್ತದೆ, ಆಗ ಬೈಯ್ತಾರೆ. ನಾಳೆ ಇಎನ್‌ಟಿ ಡಾಕ್ಟರ್‌ಗೆ ತೋರಿಸು, ಪೈಲಟ್ ಅಂತ ಹೇಳಿಯೇ ತೋರಿಸು.

ಬೆಳಗಾವಿ ಕಾಕಾ: ಫಾರ್ವರ್ಡ್ ಬಂದಿತ್ತು, ಎಲ್ಲರಿಗೂ ಉಪಯೋಗ. ಬೆಳ್ಳುಳ್ಳಿ ಎಸಳು ಹಾಕಿ ಕಾಯಿಸಿದ ಎಣ್ಣೆ ಎರಡು ಹನಿ ಕಿವಿಗೆ ಬಿಟ್ಟರೆ ಐದೇ ನಿಮಿಷದಲ್ಲಿ ಬ್ಲಾಕ್ ಹೋಗುತ್ತದೆ. ವಿಮಾನದವರೂ ಇದನ್ನೇ ಮಾಡುತ್ತಾರಂತೆ 🙏

ಕ್ಯಾಪ್ಟನ್: ಯಾವ ವಿಮಾನದವರು? ಬ್ಲಾಕ್ ಇರುವುದು ತಮಟೆಯ ಹಿಂದೆ, ನಿಮ್ಮ ಎಣ್ಣೆ ನಿಲ್ಲುವುದು ಮುಂದೆ. ತಮಟೆ ಆಗಲೇ ಹರಿದಿದ್ದರೆ ಎಣ್ಣೆ ಒಳಗೇ ಹೋಗುತ್ತದೆ. ದಯವಿಟ್ಟು ಅಳಿಸಿ.

ಬೆಳಗಾವಿ ಕಾಕಾ: ನಮ್ಮಜ್ಜಿ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ.

ಕ್ಯಾಪ್ಟನ್: ನಿಮ್ಮಜ್ಜಿ ಎಟಿಆರ್ ಹಾರಿಸುತ್ತಿರಲಿಲ್ಲ.

ಮೈಸೂರು ಮಂಜು: ಇದು ಸರಿಯಲ್ಲ ಮೇಡಂ. ಆಯುರ್ವೇದ ಅಂದರೆ ಯಾಕೆ ಇಷ್ಟು ತಾತ್ಸಾರ?

ಶಿರಸಿ ಭಟ್ಟ: ಅವರು ಆಯುರ್ವೇದವನ್ನು ಎಲ್ಲಿ ಬೈದರು ಮಾರಾಯ? ಊದುವ ಮಷಿನ್ನಿಗೆ ಅರಿಷ್ಟ ಯಾವುದು, ಬ್ರಾಂದಿ ಯಾವುದು ಅಂತ ಗೊತ್ತಾಗುತ್ತದಾ?

ಮೈಸೂರು ಮಂಜು: ನಿಮ್ಮನ್ನು ಯಾರೂ ಕೇಳಲಿಲ್ಲ.

ದಾವಣಗೆರೆ ಹುಡುಗನ ಗೆಳೆಯ: ಮೇಡಂ, ಕನ್ನಡಕ ಇದ್ದರೆ ಆಗುತ್ತಾ?

ಕ್ಯಾಪ್ಟನ್: ಮೇಲೆ ನೋಡಿ.

ಜೆಟ್ ಪ್ರೇಮಿ: ಸುಮ್ನೆ ಈ ಫ್ಯಾನ್ ವಿಮಾನಕ್ಕೆ ಯಾಕೆ ಸೇರ್ತೀರ? ಕಾದು ಜೆಟ್‌ಗೆ ಹೋಗಿ. ಇದು ಹಳೇ ಟೆಕ್ನಾಲಜಿ.

ಶಿರಸಿ ಭಟ್ಟ: ಫ್ಯಾನ್ ತಿರುಗಿಸುವುದೂ ಟರ್ಬೈನ್ ಇಂಜಿನ್ನೇ. ಮೈಸೂರು ರನ್‌ವೇ 1740 ಮೀಟರ್. ಅಲ್ಲಿಗೆ ನಿಮ್ಮ ಜೆಟ್ ತಂದು ಇಳಿಸಿ, ನೋಡೋಣ.

ಜೆಟ್ ಪ್ರೇಮಿ: ನೀವು ಪೈಲಟ್ಟಾ?

ಶಿರಸಿ ಭಟ್ಟ: ನೀವು?

ಕ್ಯಾಪ್ಟನ್: ಒಂದು ಮಾತು ಹೇಳಿಬಿಡುತ್ತೇನೆ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1500 ಗಂಟೆ ಬೇಕು. ಎಟಿಆರ್‌ನಲ್ಲಿ ಹಾರಿದ ಗಂಟೆಯೂ ಗಂಟೆಯೇ. ಚಿಕ್ಕ ಸೆಕ್ಟರ್ ಆದ್ದರಿಂದ ಟೇಕಾಫ್, ಲ್ಯಾಂಡಿಂಗ್ ಜಾಸ್ತಿ ಸಿಗುತ್ತವೆ. ಹೊಸಬರು ಕಲಿಯುವುದು ಅಲ್ಲೇ, ಮೇಲೆ ಆಟೋಪೈಲಟ್ ನೋಡುತ್ತಾ ಕೂತಾಗ ಅಲ್ಲ.

ಹಾಸನದ ತಂದೆ: ಮೇಡಂ, ಏಜೆಂಟ್ ಅರ್ಧ ದುಡ್ಡು ಈಗ, ಅರ್ಧ ಕೆಲಸ ಸಿಕ್ಕ ಮೇಲೆ ಅಂತಿದ್ದಾನೆ. ಆಗಬಹುದಾ?

ಕ್ಯಾಪ್ಟನ್: ಇಲ್ಲ.

ಬೆಳಗಾವಿ ಕಾಕಾ: ದೊಡ್ಡವರಿಗೆ ಮರ್ಯಾದೆ ಕೊಡುವುದನ್ನು ವಿಮಾನದಲ್ಲಿ ಕಲಿಸುವುದಿಲ್ಲ ಅಂತ ಕಾಣುತ್ತದೆ.

ಅಡ್ಮಿನ್: ಕಾಕಾ, ನಿಮ್ಮ ಫಾರ್ವರ್ಡ್ ಅಳಿಸಿದ್ದೇನೆ. ಮಂಜು, ಭಟ್ಟರೇ, ಜಗಳ ಇನ್‌ಬಾಕ್ಸ್‌ನಲ್ಲಿ ಇಟ್ಟುಕೊಳ್ಳಿ.

ಕಲಬುರಗಿ ತಾಯಿ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ.

ಕ್ಯಾಪ್ಟನ್: ಹೊಸ ಎಫ್‌ಒ, ಇದ್ದೀಯಾ? ಫೋನ್ ಮಾಡಿದೆಯಾ?

ಹೊಸ ಎಫ್‌ಒ: ಮಾಡಿದೆ ಮೇಡಂ. 'ಓಕೆ, ನೋಟೆಡ್' ಅಂತ ಇಟ್ಟುಬಿಟ್ಟರು. ಇಷ್ಟೇನಾ ಅನ್ನಿಸಿತು. ಡಾಕ್ಟರ್ ನಾಳೆ ಹತ್ತಕ್ಕೆ.

ಕ್ಯಾಪ್ಟನ್: ಅರಿಷ್ಟ?

ಹೊಸ ಎಫ್‌ಒ: ಪಿಜಿ ಓನರ್‌ಗೆ ಕೊಟ್ಟೆ. ಅಮ್ಮನಿಗೆ ಹೇಳಿಲ್ಲ.

ಕ್ಯಾಪ್ಟನ್: ಸರಿ. ಡಾಕ್ಟರ್ ಹಾರಬಹುದು ಅಂತ ಬರೆದುಕೊಡುವವರೆಗೆ ಯೂನಿಫಾರ್ಮ್ ಮುಟ್ಟಬೇಡ.